ಸೋಶಿಯಬಲ್ ಆಗಲು ಹೊರಟ ಕಂಡಕ್ಟರ್

ನಾನು ಕುಂದಾಪುರದಲ್ಲಿ ಇಂಗ್ಲಿಷ್ ಮಾತಾಡಲು ಕಲಿಸುವವಳು. ಕೊಡೆ ರಿಪೇರಿ ಅಂಗಡಿಯ ಮೇಲೊಂದು ಕೋಣೆ, ಹನ್ನೆರಡು ಕುರ್ಚಿ, ಒಂದು ಬೋರ್ಡು, ಗಾಳಿಗಿಂತ ಹೆಚ್ಚು ಸದ್ದು ಕೊಡುವ ಒಂದು ಫ್ಯಾನು. ಸಂಜೆ ನಾಲ್ಕೂವರೆಯಿಂದ ಐದೂವರೆ ತನಕ ಪಾಠ. ಪಾಠ ನಡೆಯುವಷ್ಟು ಹೊತ್ತು ಎಲ್ಲವೂ ಸರಿಯಾಗಿಯೇ ಇರುತ್ತದೆ. ಐದೂವರೆಗೆ ಈ ಜನ ಮೆಟ್ಟಿಲಿಳಿದು ಹೋಗಿ, ಕಲಿತದ್ದನ್ನು ಊರಿನ ಮೇಲೆ ಪ್ರಯೋಗ ಮಾಡುತ್ತಾರಲ್ಲ, ಅಲ್ಲಿಂದ ಶುರು. ವಾರಕ್ಕೆ ಒಂದಾದರೂ ದೂರು ಬಾರದೆ ಇರುವುದಿಲ್ಲ.

ನನ್ನ ನೋಟ್ಸಿನಲ್ಲಿ ಒಂದು ಅಧ್ಯಾಯವಿದೆ. 'ಜನರೊಂದಿಗೆ ಬೆರೆಯುವ ಪದಗಳು' ಅಂತ ನಾನೇ ಕೈಯಾರೆ ಬರೆದದ್ದು. ಪದ, ಅದರ ಅರ್ಥ, ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು, ಎಲ್ಲವೂ ಅದರಲ್ಲಿದೆ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ. ಆ ಒಂದು ಅಧ್ಯಾಯ ಕಳೆದ ಬೇಸಿಗೆಯಲ್ಲಿ ಒಬ್ಬ ಬಡಪಾಯಿಯ ಮದುವೆಯನ್ನೇ ಕೆಡಿಸಲು ಹೊರಟಿತ್ತು.

ಸೋಶಿಯಬಲ್

ಒಂದು ದಿನ ಪಾಠ ಶುರುವಾಗುವ ಮೊದಲು ಬಾಗಿಲಲ್ಲಿ ಒಬ್ಬ ಬಂದು ನಿಂತ. ನೋಡಿದ ಮುಖವೇ. ನಾನು ನಾವುಂದದಿಂದ ದಿನಾ ಕುಂದಾಪುರಕ್ಕೆ ಬರುವ ಬೈಂದೂರು ಬಸ್ಸಿನ ಕಂಡಕ್ಟರ್. ಮೂವತ್ತನಾಲ್ಕು ವರ್ಷ, ದೊಡ್ಡ ಗಂಟಲು, ಬೆಳಿಗ್ಗೆಯಿಂದ ಮಾತಾಡಿದರೂ ಸಂಜೆಗೆ ದಣಿಯದ ಬಾಯಿ. ಅಂಥವನು ಅವತ್ತು ಚಪ್ಪಲಿ ಕಳಚಿ, ಕೈ ಕಟ್ಟಿಕೊಂಡು ನಿಂತಿದ್ದ.

"ಟೀಚರ್ರೇ, ನಂಗೆ ಸೋಶಿಯಬಲ್ ಆಯ್ಕ್. ಎಷ್ಟ್ ದಿನ ಬೇಕಾತ್ತ್?"

ವಿಚಾರಿಸಿದೆ. ಅವನಿಗೊಂದು ಸಂಬಂಧ ಬಂದಿತ್ತು. ಹುಡುಗಿ ಹುಟ್ಟಿ ಬೆಳೆದದ್ದು ಮುಂಬಯಿಯಲ್ಲಿ. ಅಪ್ಪ ಅಲ್ಲಿ ಕ್ಯಾಂಟೀನ್ ಇಟ್ಟುಕೊಂಡವರು. ಅವಳಿಗೆ ಊರ ಕಡೆಯ ಗಂಡೇ ಆಗಬೇಕು, ಇಲ್ಲಿಗೇ ಬಂದು ಇರಬೇಕು ಅಂತ ಆಸೆ. ಈಗ ರಜೆ ಹಾಕಿ ಬ್ರಹ್ಮಾವರದ ಚಿಕ್ಕಮ್ಮನ ಮನೆಯಲ್ಲಿ ಬಂದು ಕೂತಿದ್ದಳು. ಸಂಬಂಧ ತಂದವರು ಒಬ್ಬ ರಿಟೈರ್ಡ್ ಪೋಸ್ಟ್‌ಮ್ಯಾನ್, ಎಲ್ಲರೂ ಅಣ್ಣಯ್ಯ ಅಂತ ಕರೆಯುವವರು. ಹುಡುಗಿ ಅವರ ಹತ್ತಿರ ಒಂದೇ ಒಂದು ಷರತ್ತು ಹೇಳಿದ್ದಳು: ಆಸ್ತಿ ಬೇಡ, ಬಣ್ಣ ಹೇಗಿದ್ದರೂ ಆದೀತು, ಹುಡುಗ ಮಾತ್ರ ಸೋಶಿಯಬಲ್ ಆಗಿರಬೇಕು.

ನಾನು ಬೋರ್ಡಿನ ಮೇಲೆ ಬರೆದು ವಿವರಿಸಿದೆ. ಸೋಶಿಯಲ್ ಅಂದರೆ ಸಮಾಜಕ್ಕೆ ಸಂಬಂಧಪಟ್ಟದ್ದು. ಸೋಶಿಯಲೈಸ್ ಅಂದರೆ ನಾಲ್ಕು ಜನರ ಜೊತೆ ಬೆರೆಯುವುದು. ಹಾಗೆ ಸಲೀಸಾಗಿ ಬೆರೆಯುವ ಸ್ವಭಾವ ಯಾರಿಗಿದೆಯೋ ಅವನೇ ಸೋಶಿಯಬಲ್.

"ಹಾಂಗಾರೆ ನಿನಗೆ ಪಾಠ ಯಾಕೆ ಮಾರಾಯ? ದಿನಾ ಮುನ್ನೂರು ಜನರ ಹತ್ತಿರ ಮಾತಾಡುವವನು ನೀನು," ಅಂದೆ.

"ಅದ್ ಬಸ್ಸಂಗೆ, ಟೀಚರ್ರೇ. ಹೆಣ್ ಕಾಂಬುಕೆ ಹೋರೆ ಬಾಯಿಗೆ ಬೀಗ ಬೀಳತ್ತ್. ಇದ್ಕ್ ಮುಂಚೆ ಎರಡ್ ಕಡಿ ಹೋಯಿದೆ. ಎರಡ್ ಕಡಿಗೂ ಒಂದ್ ಮಾತ್ ಬರ್ಲಿಲ್ಲೆ. ಇದೊಂದ್ ತಪ್ಪಿರೆ ಅಮ್ಮ ನಂಗೆ ಉಂಬುಕೆ ಹಾಕುದಿಲ್ಲೆ ಅಂದಿದ್ರ್."

ಪಾಪ ಅನಿಸಿತು. ಎಲ್ಲಿ ಎಡವುತ್ತಾನೆ ಅಂತ ತಿಳಿಯಲು ಕೇಳಿದೆ: "ಮೊದಲ ಹುಡುಗಿ ಹೇಗಿದ್ದಳು?"

ಅವನು ಸೂರು ನೋಡುತ್ತಾ ಬಹಳ ಹೊತ್ತು ಯೋಚಿಸಿದ.

"ಅವಲಕ್ಕಿ ಲಾಯ್ಕ್ ಇತ್ತ್," ಅಂದ.

ಪ್ರೈವಸಿ

ಮರುದಿನವೇ ಅವನಿಗೋಸ್ಕರ ಆ ಅಧ್ಯಾಯ ತೆಗೆದೆ. ಮೊದಲ ಪದ ಪ್ರೈವಸಿ. ಒಬ್ಬರ ಖಾಸಗಿ ವಿಷಯಕ್ಕೆ ಇನ್ನೊಬ್ಬರು ಮೂಗು ತೂರಿಸದೆ ಇರುವುದು. ಇಂಗ್ಲಿಷಿನವರಲ್ಲಿ ಸೋಶಿಯಬಲ್ ಆದವನು ಎದುರಿನವರ ಪ್ರೈವಸಿ ಕಾಪಾಡುತ್ತಾನೆ ಅಂತ ಹೇಳಿ, ಕೇಳಬಾರದ ಐದು ಪ್ರಶ್ನೆ ಬೋರ್ಡಿನಲ್ಲಿ ಬರೆದೆ. ಎಲ್ಲಿಗೆ ಹೋಗುವುದು, ವಯಸ್ಸೆಷ್ಟು, ಸಂಬಳವೆಷ್ಟು, ಮದುವೆ ಆಗಿದೆಯಾ, ಮನೆಯಲ್ಲಿ ಯಾರ್ಯಾರಿದ್ದಾರೆ.

ನಮ್ಮಲ್ಲಿ ಮಾತು ಅಂದರೇ ಈ ಐದು. ಮುಂದಿನ ಸಾಲಿನಲ್ಲಿ ಗಂಗೊಳ್ಳಿಯ ಮೀನಿನ ಅಕ್ಕ ಕೂರುತ್ತಾರೆ. ಮರವಂತೆಯ ಕಡಲ ಬದಿಗೆ ಬರುವ ಹೊರಗಿನವರಿಗೆ ಮೀನು ಮಾರಲು ಇಂಗ್ಲಿಷ್ ಬೇಕು ಅಂತ ಸೇರಿದವರು. ಅವರು ಕೈ ಎತ್ತಿದರು.

"ಇದೆಲ್ಲ ಬಿಟ್ರೆ ಮತ್ತ್ ಮಾತಾಡುದ್ ಎಂತದ್?"

"ಹವೆ," ಅಂದೆ. "ಇವತ್ತು ಸೆಖೆ, ಇವತ್ತು ಗಾಳಿ, ಹೀಗೆ."

"ಸೆಖೆ ಅವ್ರಿಗೂ ಆತ್ತಲೆ ಟೀಚರ್ರೇ. ನಾನ್ ಹೇಳುದ್ ಎಂತಕೆ?"

"ಅದು ಹಾಗೆಯೇ," ಅಂತ ಗದರಿಸಿ ಕೂರಿಸಿದೆ. ಕಂಡಕ್ಟರ್ ಮಾತ್ರ ತಲೆಯೆತ್ತದೆ ಒಂದಕ್ಷರ ಬಿಡದೆ ಬರೆದುಕೊಳ್ಳುತ್ತಿದ್ದ.

ಮರುದಿನ ಮಧ್ಯಾಹ್ನ ನಾವುಂದದಲ್ಲಿ ಬಸ್ ಹತ್ತಿದೆ. ಏನೋ ಸರಿಯಿಲ್ಲ ಅಂತ ಹತ್ತಿದ ಕೂಡಲೇ ಗೊತ್ತಾಯಿತು. ಬಸ್ಸು ಗಪ್‌ಚುಪ್. ಕಂಡಕ್ಟರ್ ಒಂದೊಂದೇ ಸೀಟಿನ ಹತ್ತಿರ ಹೋಗಿ, ಎದೆಯ ಮೇಲೆ ಕೈಯಿಟ್ಟು, ಮುಗುಳ್ನಗುತ್ತಾ ನಿಲ್ಲುತ್ತಿದ್ದ. "ಗುಡ್ ಆಫ್ಟರ್‌ನೂನ್. ವೆರಿ ಹಾಟ್ ಟುಡೇ." ಅಷ್ಟು ಹೇಳಿ ಮತ್ತೆ ಮುಗುಳ್ನಗೆ. ಎಲ್ಲಿಗೆ ಅಂತ ಕೇಳುವುದಿಲ್ಲ!

ಕೆಲವರು ತಾವಾಗಿಯೇ ಊರು ಹೇಳಿ ಟಿಕೆಟ್ ತೆಗೆದುಕೊಂಡರು. ಉಳಿದವರು ಅವನು ಕೇಳಲಿ ಅಂತ ಕಾದರು. ಅವನು ಅವರು ಹೇಳಲಿ ಅಂತ ಕಾದ. ತ್ರಾಸಿ ಬಂತು, ಹೋಯಿತು. ಮುಳ್ಳಿಕಟ್ಟೆ ಬಂತು, ಹೋಯಿತು. ಆ ಬಸ್ಸಿನಲ್ಲಿ ಯಾರೂ ಗಂಟೆ ಹೊಡೆದು ಇಳಿದವರಲ್ಲ. ಯಾರ ಮನೆ ಯಾವ ತಿರುವಿನಲ್ಲಿ ಅಂತ ಕೇಳಿ ಕೇಳಿ ನೆನಪಿಟ್ಟು ಇಳಿಸುವವನು ಅವನೇ. ಹೆಮ್ಮಾಡಿ ಹತ್ತಿರವಾದಾಗ ಐದಾರು ಜನ ಒಟ್ಟಿಗೇ ಎದ್ದರು.

"ಹ್ವಾಯ್, ನಮ್ಮ್ ಮುಳ್ಳಿಕಟ್ಟೆ ಎಲ್ಲ್ ಹೋಯ್ತ್?"

"ನೀವ್ ಹೇಳ್ಲಿಲ್ಲ್ಯಲೆ!"

"ನೀನ್ ಕೇಣ್ಲಿಲ್ಲ್ಯಲೆ!"

ಒಬ್ಬ ಅಜ್ಜಿಯ ಕಣ್ಣಲ್ಲಿ ನೀರೇ ಬಂದಿತ್ತು. "ದಿನಾ ಕೇಂಬ ಮಗ ಇವತ್ತ್ ಎಲ್ಲಿಗೆ ಅಂತ್ಲೂ ಕೇಣ್ಲಿಲ್ಲೆ. ನಾನ್ ಎಂತ ತಪ್ಪ್ ಮಾಡಿದೆ ಅಂದ್ಕಂಡ್ ಸುಮ್ನೆ ಕೂಕಂಡೆ," ಅಂದರು.

ಕಂಡಕ್ಟರ್ ಗಾಬರಿಯಿಂದ ಸುತ್ತ ನೋಡಿದ. ಕಿಟಕಿ ಬದಿಯಲ್ಲಿ ಕೊಡೆಯ ಹಿಂದೆ ಮುಖ ಮರೆಸಿಕೊಂಡ ನಾನು ಕಂಡೆ. "ಟೀಚರ್ರೇ, ಇವ್ರಿಗೆ ಸ್ವಲ್ಪ ಪ್ರೈವಸಿ ಹೇಳ್ಕೊಡಿ!" ಅಂತ ಕೂಗಿದ. ಬಸ್ಸಿಗೆ ಬಸ್ಸೇ ತಿರುಗಿ ನನ್ನನ್ನು ನೋಡಿತು.

ಡ್ರೈವರ್ ಬಸ್ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಹಿಂದೆ ತಿರುಗಿದ. "ಇವತ್ತಿಂದ ಎಲ್ಲಿಗೆ ಅಂದೇಳಿ ನಾನೇ ಕೇಂತೆ. ನೀನ್ ಬಾಗ್ಲಂಗ್ ನಿಂತ್ಕಂಡ್ ಸೆಖೆ ಕಾಣ್," ಅಂದ.

ಹಾಸ್ಪಿಟಾಲಿಟಿ

ಹಾಸ್ಪಿಟಾಲಿಟಿ ಅಂದರೆ ಅತಿಥಿ ಸತ್ಕಾರ. ಈ ಪದ ಹೇಳಿಕೊಡುವಾಗ ನಾನೇ ನನ್ನ ಕೈಯಾರೆ ಒಂದು ಗುಂಡಿ ತೋಡಿಕೊಂಡೆ.

ನಮ್ಮ ಕಡೆಯ ಸತ್ಕಾರ ನಿಮಗೆ ಗೊತ್ತಿರಬಹುದು. ಬಂದವರಿಗೆ ಆಸರಿಗೆ, ಅಂದರೆ ಬಾಯಾರಿಕೆಗೆ, ಏನು ಬೇಕು ಅಂತ ಕೇಳುವುದು. ಬಂದವರು ಬೇಡ ಅನ್ನುವುದು. ಮತ್ತೆ ಕೇಳುವುದು, ಮತ್ತೆ ಬೇಡ. ಮೂರನೆಯ ಸಲಕ್ಕೆ ಕೇಳದೆಯೇ ತಂದಿಡುವುದು, ಬಂದವರು "ಛೆ, ಇದೆಲ್ಲ ಎಂತಕೆ" ಅನ್ನುತ್ತಾ ಬಟ್ಟಲು ಖಾಲಿ ಮಾಡುವುದು. ಮೊದಲ ಸಲಕ್ಕೇ ಹೂಂ ಅಂದವರನ್ನು ಹತ್ತು ವರ್ಷ ಆಡಿಕೊಳ್ಳುತ್ತಾರೆ.

ಇಂಗ್ಲಿಷಿನಲ್ಲಿ ಹಾಗಿಲ್ಲ ಅಂತ ನಾನು ಕ್ಲಾಸಿನಲ್ಲಿ ಗಟ್ಟಿಯಾಗಿ ಹೇಳಿದೆ. "ಟೀ ಬೇಕೇ ಅಂತ ಒಂದೇ ಸಲ ಕೇಳಬೇಕು. ನೋ ಥ್ಯಾಂಕ್ಯೂ ಅಂದರೆ ಬೇಡ ಅಂತಲೇ ಅರ್ಥ. ಒತ್ತಾಯ ಮಾಡಿದರೆ ಅವರಿಗೆ ಮುಜುಗರ." ಮೀನಿನ ಅಕ್ಕ ಬಾಯಿ ತೆರೆದು ಕೇಳುತ್ತಿದ್ದರು.

ಮುಂದಿನ ಭಾನುವಾರ ಅವರು ನನ್ನನ್ನು ಮನೆಗೆ ಕರೆದರು. ಬೆಳಿಗ್ಗೆ ಸರಿಯಾಗಿ ತಿಂದಿರಲಿಲ್ಲ. ಗಂಗೊಳ್ಳಿಯಲ್ಲಿ ಬಸ್ಸಿಳಿದು ಬಿಸಿಲಿನಲ್ಲಿ ನಡೆದು ಹೋದೆ. ಅಂಗಳಕ್ಕೆ ಕಾಲಿಡುವಾಗಲೇ ಒಳಗೆ ಬಂಗುಡೆ ಹುರಿಯುವ ಪರಿಮಳ. ಒಲೆಯ ಮೇಲೆ ಕಡುಬು ಬೇಯುತ್ತಿತ್ತು. ನನ್ನ ಹೊಟ್ಟೆ ಒಂದು ಸದ್ದು ಮಾಡಿತು.

ಅಕ್ಕ ಕುರ್ಚಿ ಕೊಟ್ಟು, ನೆಟ್ಟಗೆ ನಿಂತು, ಇಂಗ್ಲಿಷಿನಲ್ಲಿಯೇ ಕೇಳಿದರು: "ಟೀಚರ್, ವಿಲ್ ಯೂ ಹ್ಯಾವ್ ಸಮ್ ಕಡುಬು ಆಂಡ್ ಫಿಶ್?"

ಹುಟ್ಟಿನಿಂದ ಬಂದ ಅಭ್ಯಾಸ, ಏನು ಮಾಡಲಿ. "ಅಯ್ಯೊ, ಬ್ಯಾಡ ಬ್ಯಾಡ. ಈಗಷ್ಟೆ ತಿಂದ್ಕಂಡೇ ಬಂದೆ," ಅಂದುಬಿಟ್ಟೆ.

"ಓಕೆ ಟೀಚರ್," ಅಂತ ಅವರು ಎದುರು ಕೂತರು.

ನಾನು ಕಾದೆ. ಎರಡನೆಯ ಸಲ ಕೇಳಲಿಲ್ಲ. ಸೆಖೆಯ ಬಗ್ಗೆ ಮಾತಾಡಿದರು. ಗಾಳಿಯ ಬಗ್ಗೆ ಮಾತಾಡಿದರು. ಅಷ್ಟರಲ್ಲಿ ಮನೆ ಮಂದಿಯೆಲ್ಲ ಒಳಗೆ ಉಂಡು, ಒಬ್ಬೊಬ್ಬರಾಗಿ ಕೈ ತೊಳೆಯಲು ನನ್ನ ಎದುರೇ ಹಾದು ಹೋದರು. "ಮೀನ್ ಪರಿಮಳ ಲಾಯ್ಕ್ ಬತ್ತಾ ಇತ್ತಲೆ," ಅಂತ ನಾನೇ ಸೂಚನೆ ಕೊಟ್ಟೆ. "ಯಸ್ ಟೀಚರ್, ಥ್ಯಾಂಕ್ಯೂ ಟೀಚರ್," ಅಂದರು.

ಒಂದು ಗಂಟೆಯ ಮೇಲೆ ಎದ್ದೆ. ಗೇಟಿನ ತನಕ ಬಂದು ನನ್ನ ಕೈ ಹಿಡಿದುಕೊಂಡರು. ಹೆಮ್ಮೆಯಿಂದ ಅವರ ಮುಖ ಅರಳಿತ್ತು. "ಕಂಡ್ರ್ಯಾ ಟೀಚರ್ರೇ? ಜೀವ ಹೋರೂ ಒತ್ತಾಯ ಮಾಡ್ಲಿಲ್ಲೆ ನಾನ್!"

"ವೆರಿ ಗುಡ್," ಅಂದೆ. ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಹೋಗಿ, ಮಾಣಿ ಏನು ಬೇಕು ಅಂತ ಬಾಯಿ ತೆರೆಯುವ ಮೊದಲೇ ಹೂಂ ಅಂದೆ.

ಆರ್‌ಎಸ್‌ವಿಪಿ

ನಮ್ಮ ಕ್ಲಾಸಿಗೆ ಬರುವ ಸಾಲಿಗ್ರಾಮದ ಹಾರ್ಡ್‌ವೇರ್ ಅಂಗಡಿಯವರು ಹೊಸ ಮನೆ ಕಟ್ಟಿಸಿ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ದಿನ ನೋಡಿದ್ದರು. ಆಮಂತ್ರಣ ಕಾಗದದ ಕೊನೆಯಲ್ಲಿ ಇಂಗ್ಲಿಷಿನಲ್ಲಿ ಏನಾದರೂ ಇರಲಿ ಅಂತ ಅವರಿಗೆ ಆಸೆ. ನಾನು ಆರ್‌ಎಸ್‌ವಿಪಿ ಹಾಕಿಸಿದೆ. ಕರೆದವನು ಹೋಸ್ಟ್, ಕರೆಸಿಕೊಂಡವನು ಗೆಸ್ಟ್, ಬರುತ್ತೇನೋ ಇಲ್ಲವೋ ಅಂತ ಗೆಸ್ಟು ಹೋಸ್ಟಿಗೆ ಮೊದಲೇ ತಿಳಿಸಬೇಕು, ಅದೇ ಇದು ಅಂತ ಹೇಳಿಕೊಟ್ಟೆ. ಅಡುಗೆಯವರಿಗೂ ಅನುಕೂಲ, ಒಂದು ಎಲೆಯೂ ಹಾಳಾಗುವುದಿಲ್ಲ ಅಂದೆ. ಅವರು ಖುಷಿಯಲ್ಲಿ ಎಲ್ಲರ ಮೊಬೈಲಿಗೂ ಕನ್ನಡದಲ್ಲಿ ಬಿಡಿಸಿ ಬರೆದು ಕಳಿಸಿದರು: 'ತಾವು ಎಷ್ಟು ಜನ ಬರುತ್ತೀರಿ ಅಂತ ಮೂರು ದಿನದ ಒಳಗೆ ತಿಳಿಸಿ.'

ಉತ್ತರ ಬರತೊಡಗಿತು. ಎಲ್ಲರದೂ ಒಂದೇ ಉತ್ತರ: 'ಕಾಂಬ.'

ಕಾಂಬ ಅಂದರೆ ನೋಡೋಣ. ನಮ್ಮಲ್ಲಿ ಊಟಕ್ಕೆ ಕರೆದಾಗ ಬರುತ್ತೇನೆ ಅಂತ ಖಡಾಖಂಡಿತ ಹೇಳುವುದು ಹೊಟ್ಟೆಬಾಕರ ಲಕ್ಷಣ, ಬರುವುದಿಲ್ಲ ಅನ್ನುವುದು ಜಗಳದ ಲಕ್ಷಣ. ಇನ್ನೂರಕ್ಕೂ ಹೆಚ್ಚು 'ಕಾಂಬ' ಹಿಡಿದುಕೊಂಡು ಅಂಗಡಿಯವರು ಕ್ಲಾಸಿಗೆ ಬಂದರು. ಹಿಂದೆಯೇ ಅವರ ಸೋದರತ್ತೆಯ ಫೋನು, ಕೋಪದಲ್ಲಿ: "ಎಷ್ಟ್ ಜನ ಬತ್ರಿ ಅಂದ್ ಕೇಂಬುದ್ ಎಂತಕಾ? ನಾಕ್ ಜನ ಅಂದ್ ಐದ್ ಜನ ಬಂದ್ರೆ ಒಬ್ರನ್ನ್ ವಾಪಾಸ್ ಕಳ್ಸ್‌ತ್ಯಾ?"

ಅಡುಗೆಯವರು ಲೆಕ್ಕ ಕೊಡಿ ಅಂತ ಪೀಡಿಸುತ್ತಿದ್ದರು. ನನಗೆ ದಾರಿ ಕಾಣಲಿಲ್ಲ. ಆಗ ಹಿಂದಿನ ಕುರ್ಚಿಯಿಂದ ಕಂಡಕ್ಟರ್ ಎದ್ದು ಬಂದ. "ಕೊಡಿ ಕಾಂಬ," ಅಂತ ಮೊಬೈಲು ಇಸಿದುಕೊಂಡ. ತೆಕ್ಕಟ್ಟೆಯಿಂದ ಸಾಸ್ತಾನದ ತನಕ ಅವನಿಗೆ ಗೊತ್ತಿಲ್ಲದ ಮನೆಯಿಲ್ಲ, ಮೊದಲು ಆ ರೂಟಿನಲ್ಲಿದ್ದವನು.

"ಇವ್ರ್ ಕಾಂಬ ಅಂದ್ರೆ ಗಂಡ ಹೆಂಡ್ತಿ ಇಬ್ರೇ, ಸೊಸೆ ತೌರಿಗ್ ಹೋಯಿತ್. ಇವ್ರ್ ಕಾಂಬ ಅಂದ್ರೆ ಏಳ್ ಜನ, ಅಜ್ಜಿನೂ ಸೇರಿ. ಇವ್ರ್ ಬಪ್ಪುದಿಲ್ಲೆ. ಮುಂದಿನ್ ತಿಂಗ್ಳ್ ಇವ್ರಲ್ಲೇ ಮದ್ವಿ, ಸೀರಿ ತಕಂಬುಕೆ ಉಡುಪಿಗ್ ಹೋತ್ರ್." ಹೀಗೇ ಒಂದೊಂದು ಕಾಂಬದ ಹೊಟ್ಟೆಯಲ್ಲಿ ಎಷ್ಟು ಜನರಿದ್ದಾರೆ ಅಂತ ಹೇಳುತ್ತಾ ಹೋದ. ಕೊನೆಗೆ ಒಟ್ಟು ಮಾಡಿ ಆರುನೂರ ಹತ್ತು ಅಂದ. ಒಕ್ಕಲಿನ ದಿನ ಎಲೆಗೆ ಎಲೆ ಸರಿಯಾಯಿತು.

ಇವನಿಗೆ ನಾನು ಬೆರೆಯಲು ಕಲಿಸುತ್ತಿದ್ದೇನಲ್ಲ ಅಂತ ಆವತ್ತೇ ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಇನ್ನೊಂದು ಮಾತು. ಕರೆಸಿಕೊಂಡವರಲ್ಲಿ ಒಬ್ಬರೇ ಒಬ್ಬರು, ಅಂಗಡಿಯವರ ಭಾವ, 'ಖಂಡಿತವಾಗಿ ಬರುತ್ತೇವೆ, ನಾಲ್ಕು ಜನ' ಅಂತ ಚಂದ ಮಾಡಿ ಬರೆದು ಕಳಿಸಿದ್ದರು. ಕಂಡಕ್ಟರ್ ಆ ನಾಲ್ಕನ್ನು ಲೆಕ್ಕಕ್ಕೇ ಸೇರಿಸಿರಲಿಲ್ಲ. ಅವರು ಬರಲೂ ಇಲ್ಲ.

ಪರ್ಸನಲ್

ಹೆಣ್ಣು ನೋಡುವ ದಿನ ಬಂತು. ಕಂಡಕ್ಟರ್ ಇಸ್ತ್ರಿ ಅಂಗಿ ಹಾಕಿಕೊಂಡು ಬ್ರಹ್ಮಾವರಕ್ಕೆ ಹೋದ. ಮರುದಿನ ಸಂಜೆ ಒಂದು ಪೊಟ್ಟಣ ಜಿಲೇಬಿ ಹಿಡಿದುಕೊಂಡು ಕ್ಲಾಸಿಗೆ ಬಂದ.

"ಟೀಚರ್ರೇ, ನೀವ್ ಹೇಳ್ದಾಂಗೇ ಮಾಡಿದೆ. ಒಂದೂ ತಪ್ಪ್ ಇಲ್ಲೆ!"

ಎಲ್ಲರೂ ಚಪ್ಪಾಳೆ ತಟ್ಟಿದೆವು. ಜಿಲೇಬಿ ಒಂದು ಸುತ್ತು ಬಂತು. ನಾನು ಎರಡನೆಯದಕ್ಕೆ ಕೈ ಹಾಕಿದ್ದೆ, ಅಷ್ಟರಲ್ಲಿ ಮೆಟ್ಟಿಲಿನ ಮೇಲೆ ದಡದಡ ಸದ್ದು. ಸಂಬಂಧ ತಂದ ಅಣ್ಣಯ್ಯ. ಏದುಸಿರು, ಬೆವರು, ಕಣ್ಣು ಕೆಂಪು.

"ಎಂತ ಕಲ್ಸಿದ್ರಿ ಟೀಚರ್ರೇ ನೀವ್ ಈ ಗಂಡಿಗೆ?"

ನಡೆದದ್ದು ಇಷ್ಟು. ಅತ್ತ ಬ್ರಹ್ಮಾವರದಲ್ಲಿ ಚಿಕ್ಕಮ್ಮ ಹುಡುಗಿಗೆ ವಾರವಿಡೀ ಪಾಠ ಹೇಳಿದ್ದರು. "ಇಲ್ಲ್ ನಿಮ್ ಮುಂಬಯಿ ತರ ಸುಮ್ನೆ ಕೂಕಂಬುಕೆ ಆಗ. ಎಲ್ಲ ವಿಚಾರ್ಸ್‌ಕ್. ಕೇಣ್ದಿರೆ ಜಂಬದ್ ಹೆಣ್ಣ್ ಅಂತ್ರ್." ಅವಳೂ ಪಾಪ ಚೆನ್ನಾಗಿ ಕಲಿತಿದ್ದಳು. ಹುಡುಗ ಕೂತ ಕೂಡಲೇ ಕೇಳಿದಳು, "ನಿಮಗೆ ಸಂಬಳ ಎಷ್ಟು?"

ನಮ್ಮ ಶಿಷ್ಯ ಮುಗುಳ್ನಕ್ಕು, "ಸಾರಿ, ಅದ್ ಪರ್ಸನಲ್," ಅಂದ.

"ಮನೆಯಲ್ಲಿ ಯಾರ್ಯಾರು ಇದ್ದಾರೆ?"

"ಅದೂ ಪರ್ಸನಲ್."

"ಇಷ್ಟು ವರ್ಷ ಯಾಕೆ ಮದುವೆ ಆಗಲಿಲ್ಲ?"

"ಐ ಪ್ರಿಫರ್ ನಾಟ್ ಟು ಸೇ."

ಈಗ ಮಾತಾಡುವ ಸರದಿ ತನ್ನದು ಅಂತ ಇವನು ಗಂಟಲು ಸರಿಮಾಡಿಕೊಂಡು, "ವೆರಿ ಹಾಟ್ ಟುಡೇ," ಅಂದನಂತೆ. ಅಷ್ಟು ಹೇಳಿ ಎದ್ದು ನಮಸ್ಕಾರ ಮಾಡಿ ಬಂದಿದ್ದ.

"ಆ ಚಿಕ್ಕಮ್ಮ ಎಂತ ಅಂತ್ರ್ ಗೊತ್ತಿತ್ತಾ?" ಅಣ್ಣಯ್ಯ ಕುರ್ಚಿಗೆ ಕುಸಿದರು. "ಮನಿಯಂಗೆ ಯಾರ್ ಇದ್ರ್ ಅಂದ್ ಹೇಳುಕಾತಿಲ್ಲೆ ಅಂದ್ರೆ, ಯಾರೋ ಇದ್ರ್ ಅಂತ್ಲೇ ಅರ್ಥ ಅಂಬ್ರ್! ಇವ್ನಿಗೆ ಬೈಂದೂರ್ ಬದಿಯಂಗೆ ಒಂದ್ ಸಂಸಾರ ಇತ್ತ್ ಅಂಬ್ರ್! ಹೆಣ್ಣ್ ಮಂಗಳ್ವಾರ ಮುಂಬಯಿಗೆ ಹೋತ್ತ್."

ಕಂಡಕ್ಟರ್ ಮುಖ ನೋಡಲಾಗಲಿಲ್ಲ ನನಗೆ. ನನ್ನ ಮೇಲೆ ಅವನಿಗೆ ಸಿಟ್ಟೂ ಬರಲಿಲ್ಲ. ಅದೇ ಹೆಚ್ಚು ಚುಚ್ಚಿತು. "ನಾನೇ ಎಲ್ಲೋ ತಪ್ಪಿದೆ ಅಲ್ದಾ ಟೀಚರ್ರೇ? ಉಚ್ಚಾರ ಸಮ ಬರ್ಲಿಲ್ಲ್ಯಾ?" ಅಂತ ಕೇಳಿದ. "ಹೆಣ್ಣ್ ಹ್ಯಾಂಗಿತ್ತ್ ಕಂಡ್ಯಾ?" ಅಂತ ಅಣ್ಣಯ್ಯ ಗುಡುಗಿದರು. ಅವನು ಮೆಲ್ಲಗೆ, "ಕಂಡೆ. ಈ ಸಲ ತಲಿ ಎತ್ತಿ ಕಂಡೆ. ನಗಾಡುವಾಗ ಒಂದ್ ಕಣ್ಣ್ ಸಣ್ಣ ಆತ್ತ್," ಅಂದ. ಪದದ ಅರ್ಥ ಹೇಳಿಕೊಟ್ಟು ಮನುಷ್ಯನ ಬಾಯಿ ಕಟ್ಟಿದವಳು ನಾನು.

ಉಳಿದ ಜಿಲೇಬಿಯನ್ನು ಅಣ್ಣಯ್ಯ ಬೈಯುತ್ತಾ ಬೈಯುತ್ತಾ ತಿಂದು ಮುಗಿಸಿದರು. ಯಾರೂ ಬನ್ನಿ ತಿನ್ನಿ ಅಂತ ಒಂದು ಸಲವೂ ಹೇಳಿರಲಿಲ್ಲ.

ಗ್ಯಾದರಿಂಗ್

ಭಾನುವಾರ ನಾನೇ ಹೊರಟೆ. ಅಣ್ಣಯ್ಯನನ್ನೂ ಕಂಡಕ್ಟರನನ್ನೂ ಕರೆದುಕೊಂಡು ಬ್ರಹ್ಮಾವರಕ್ಕೆ. ದಾರಿಯಲ್ಲಿ ಕಂಡಕ್ಟರನಿಗೆ ಹೇಳಿದೆ: "ನಾನು ಕಲಿಸಿದ್ದನ್ನೆಲ್ಲ ಮರೆತುಬಿಡು. ಬಸ್ಸಿನಲ್ಲಿ ಹೇಗಿರುತ್ತೀಯೋ ಹಾಗೇ ಇರು."

"ಎಲ್ಲ ಕೇಂಬುದಾ ಟೀಚರ್ರೇ?"

"ಎಲ್ಲ ಕೇಳು. ಎಲ್ಲ ಹೇಳು."

ಮನೆಯವರು ಜಗಲಿಯಲ್ಲಿ ಕೂರಿಸಿದರು. ಚಿಕ್ಕಮ್ಮನ ಮುಖ ಗಂಟಾಗಿತ್ತು. ಚಿಕ್ಕಪ್ಪ ಪೇಪರಿನ ಹಿಂದೆ. ಹುಡುಗಿ ಕಂಬಕ್ಕೆ ಒರಗಿ ನಿಂತಿದ್ದಳು. ಗೆರೆಗೆರೆ ಚೂಡಿದಾರ, ಧೈರ್ಯದ ಕಣ್ಣು. ನಾನು ಎದ್ದು, ತಪ್ಪು ನನ್ನದು, ನನ್ನ ನೋಟ್ಸಿನದು ಅಂತ ಒಪ್ಪಿಕೊಂಡೆ. ಚಿಕ್ಕಮ್ಮ ಎದ್ದು ಒಳಗೆ ಹೋಗಲು ಗೋಡೆ ಹಿಡಿದುಕೊಂಡರು.

ಅಷ್ಟೇ ಸಾಕಾಯಿತು ಕಂಡಕ್ಟರನಿಗೆ.

"ಎಂತ ಅಕ್ಕ, ಮೊಣ್ಕಾಲ್ ನೋವಾ? ಎಡದ್ದಾ ಬಲದ್ದಾ? ಎಷ್ಟ್ ವರ್ಷ ಆಯ್ತ್? ನಿಮ್ ತೌರ್ಮನಿ ಎಲ್ಲಿ?"

"ಉಪ್ಪುಂದ," ಅಂದರು ಚಿಕ್ಕಮ್ಮ, ಬೇಡದ ಮನಸ್ಸಿನಿಂದ.

"ಉಪ್ಪುಂದದಂಗೆ ಎಲ್ಲಿ? ಶಾಲಿ ಹಿಂದ್ಗಡಿ ಹಂಚಿನ್ ಮನಿಯಾ? ಹಾಂಗಾರೆ ಆ ಸೈಕಲ್ ಶಾಪಿನ್ ಅಣ್ಣ ನಿಮ್ಮ್ ತಮ್ಮ ಅಲ್ದಾ! ದಿನಾ ನಮ್ಮ್ ಬಸ್ಸಿಗೇ ಬಪ್ಪುದ್, ಎಡದ್ ಬದಿ ಮೂರ್ನೇ ಸೀಟ್. ಅವ್ರಿಗೂ ಎಡ್ಗಾಲೇ ನೋವು!"

ಚಿಕ್ಕಮ್ಮ ಗೋಡೆ ಬಿಟ್ಟು ವಾಪಸು ಬಂದು ಕೂತರು. "ಅವ್ನಿಗೂ ನೋವಾ? ನಂಗ್ ಹೇಳ್ಲೇ ಇಲ್ಲ್ಯಲೆ!" ಅಂದರು. ಅಲ್ಲಿಂದ ಮುಂದೆ ಅವನನ್ನು ಹಿಡಿಯುವವರಿಲ್ಲ. ಚಿಕ್ಕಪ್ಪನ ಪೇಪರು ಮೆಲ್ಲಗೆ ಕೆಳಗಿಳಿಯಿತು. ಯಾರೂ ಕೇಳದೆಯೇ ಅವನು ತನ್ನ ಸಂಬಳ ಹೇಳಿದ. ಮನೆಯಲ್ಲಿ ಅಮ್ಮ ಮತ್ತು ಅಜ್ಜಿ ಅಂದ. ಇಬ್ಬರು ತಂಗಿಯರನ್ನು ಮದುವೆ ಮಾಡಿ ದಾಟಿಸುವಷ್ಟರಲ್ಲಿ ಮೂವತ್ತು ದಾಟಿತು, ಆಮೇಲೆ ಯಾರೂ ಕೇಳಲಿಲ್ಲ ಅಂದ. ಕೊನೆಯ ಮಾತು ಹೇಳುವಾಗ ಸ್ವರ ಸ್ವಲ್ಪ ತಗ್ಗಿತು.

ಇಷ್ಟರಲ್ಲಿ ಜಗಲಿಯಲ್ಲಿ ಜನ ಸೇರಿದ್ದರು. ಜನ ಸೇರುವುದಕ್ಕೆ ಗ್ಯಾದರಿಂಗ್ ಅನ್ನುತ್ತಾರೆ, ಅದಕ್ಕೊಂದು ಉದ್ದೇಶ ಇರುತ್ತದೆ ಅಂತ ನನ್ನ ನೋಟ್ಸಿನಲ್ಲಿದೆ. ಬಂದವರಿಗೆಲ್ಲ ಒಂದೊಂದು ಉದ್ದೇಶವಿತ್ತು. ಒಬ್ಬರು ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದವರು. ಒಬ್ಬರು ಏಣಿ ಕೇಳಲು. ಒಬ್ಬರು ಹಿಂದಿನ ವಾರ ಒಯ್ದ ಏಣಿ ವಾಪಸು ಕೊಡಲು. ಪಕ್ಕದ ಮನೆಯ ಅಜ್ಜಿ ಏನೂ ಹೇಳದೆ ಬಂದು ಮಣೆ ಹಾಕಿಕೊಂಡು ಕೂತಿದ್ದರು. ಅವರ ಹಿಂದೆ ಮೂರು ಮೊಮ್ಮಕ್ಕಳು. ಹುಡುಗ ಹುಡುಗಿಯನ್ನು ಬಿಟ್ಟು ಎಲ್ಲ ಸೇರಿ ಹನ್ನೊಂದು ಜನ.

ಆಗ ಹುಡುಗಿ ಬಾಯಿಬಿಟ್ಟಳು. "ಚಿಕ್ಕಪ್ಪ, ನಾನು ಇವರ ಹತ್ತಿರ ಐದು ನಿಮಿಷ ಒಬ್ಬಳೇ ಮಾತಾಡಬೇಕು."

"ಮಾತಾಡಿ, ಮಾತಾಡಿ. ಯಾರ್ ಬ್ಯಾಡ ಅಂದ್ರ್?" ಅಂದರು ಚಿಕ್ಕಪ್ಪ, ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಳ್ಳುತ್ತಾ.

ಯಾರೂ ಏಳಲಿಲ್ಲ. ಏಣಿಯವರು ಏಣಿ ಗೋಡೆಗೆ ಒರಗಿಸಿ ಸರಿಯಾಗಿ ಕೂತರು. ನಾನೂ ಏಳಲಿಲ್ಲ. ಪ್ರೈವಸಿ ಅಂತ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದವಳು ನಾನೇ ಆದರೂ, ಆ ಹುಡುಗಿ ಏನು ಹೇಳುತ್ತಾಳೆ ಅಂತ ತಿಳಿಯದೆ ಅಲ್ಲಿಂದ ಅಲುಗಾಡುವುದು ನನ್ನಿಂದ ಸಾಧ್ಯವಿರಲಿಲ್ಲ. ಹುಡುಗಿ ಒಮ್ಮೆ ನಮ್ಮನ್ನು ನೋಡಿದಳು, ಒಮ್ಮೆ ಅವನನ್ನು. ಅವಳ ಮುಖ ಕೆಂಪಾಯಿತು. ಇನ್ನೊಂದು ಕ್ಷಣ ಕಳೆದಿದ್ದರೆ ಒಳಗೆ ಹೋಗಿ ಪೆಟ್ಟಿಗೆ ಕಟ್ಟುತ್ತಿದ್ದಳೋ ಏನೋ.

ಕಂಡಕ್ಟರ್ ಎದ್ದು ನಿಂತ. ಜಗಲಿಯ ಕಂಬಕ್ಕೆ ಅಂಗೈಯಿಂದ ಪಟಪಟ ಎರಡು ಸಲ ಬಡಿದ.

"ಹ್ವಾಯ್! ಬಾಗ್ಲಂಗೆ ನಿಲ್ಲ್‌ಬ್ಯಾಡಿ! ಒಳ್ಗ್ ಹೋಯ್ನಿ, ಒಳ್ಗ್ ಹೋಯ್ನಿ! ಹಿಂದ್ ಖಾಲಿ ಇತ್ತ್! ಅಜ್ಜಿಗೊಂದ್ ಸೀಟ್ ಕೊಡಿ! ಹೋಯ್ನಿ, ಹೋಯ್ನಿ, ಹೋಯ್ನಿ!"

ನಾವು ಹನ್ನೊಂದು ಜನವೂ ಎದ್ದು ಒಳಗೆ ನಡೆದೆವು. ಯಾರೂ ಯಾಕೆ ಅಂತ ಕೇಳಲಿಲ್ಲ. ಅಣ್ಣಯ್ಯ ಚೀಲವನ್ನು ಎದೆಗೆ ಅವಚಿಕೊಂಡು ಅಡ್ಡ ತಿರುಗಿ ನುಸುಳಿದರು. ಚಿಕ್ಕಪ್ಪ ನಡುಮನೆಯಲ್ಲಿದ್ದ ಒಂದೇ ಕುರ್ಚಿಯನ್ನು ಅಜ್ಜಿಗೆ ಬಿಟ್ಟುಕೊಟ್ಟರು. ಮನೆಯಲ್ಲಿ ಇನ್ನೂ ನಾಲ್ಕು ಕೋಣೆಗಳಿದ್ದವು. ಆದರೂ ಎಲ್ಲರೂ ಆ ಒಂದೇ ಕೋಣೆಯಲ್ಲಿ ಭುಜಕ್ಕೆ ಭುಜ ಒತ್ತಿಕೊಂಡು, ಮುಂದಿನವರ ಬೆನ್ನು ನೋಡುತ್ತಾ ನಿಂತೆವು.

ಹೊರಗೆ ಹುಡುಗಿ ನಕ್ಕಳು. ಸಣ್ಣ ನಗೆಯಲ್ಲ, ಕಂಬ ಹಿಡಿದುಕೊಂಡು ನಕ್ಕಿರಬೇಕು, ಅಷ್ಟು ಹೊತ್ತು ನಕ್ಕಳು. ಆಮೇಲೆ ಕೇಳಿದಳು, ಕಿಟಕಿ ತೆರೆದಿದ್ದರಿಂದ ನಮಗೆ ಪ್ರತಿಯೊಂದು ಅಕ್ಷರವೂ ಕೇಳಿಸಿತು. "ನಿಜ ಹೇಳಿ. ಬೈಂದೂರಿನಲ್ಲಿ ಯಾರಾದರೂ ಇದ್ದಾರಾ?"

"ಬೈಂದೂರಂಗೆ ನಂಗೆ ಬಸ್ ತಿರ್ಗ್‌ಸುಕೆ ಏಳ್ ನಿಮಿಷ ಸಿಕ್ಕುದ್," ಅಂದ ಅವನು. "ಚಾ ಕುಡುಕೇ ಸಾಕಾತಿಲ್ಲೆ. ಸಂಸಾರ ಯಾವಾಗ ಮಾಡುದ್?"

ಮತ್ತೆ ನಗು. ಈ ಸಲ ಇಬ್ಬರದೂ. ಆಮೇಲೆ ಮಾತು ಪಿಸುಮಾತಾಯಿತು. ನಾವು ಹನ್ನೊಂದು ಜನ ಒಟ್ಟಿಗೇ ಕಿಟಕಿಯ ಕಡೆ ವಾಲಿದೆವು. ಕೊನೆಗೆ ಅವಳು ಹೊರಗಿನಿಂದಲೇ ಕೂಗಿ ಹೇಳಿದಳು:

"ಚಿಕ್ಕಮ್ಮಾ, ನನಗೆ ಒಪ್ಪಿಗೆ!"

ಅಣ್ಣಯ್ಯ ಚೀಲ ಬಿಟ್ಟು ಕೈಮುಗಿದರು. ಚಿಕ್ಕಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಎಲ್ಲ ಮುಗಿದು ಐದು ನಿಮಿಷವಾದರೂ ಹೊರಗೆ ಹೋಗಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ಚಿಕ್ಕಮ್ಮ ಪ್ರೀತಿಯಿಂದ ನನ್ನ ಕಡೆ ತಿರುಗಿದವರು, ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು.

"ಅಲ್ಲ ಟೀಚರ್ರೇ," ಅಂದರು, "ನಿಮ್ಮ್ ಕೈ ಎಂತಕೆ ಮೇಲಿತ್ತ್?"

ತಲೆಯೆತ್ತಿ ನೋಡಿದೆ. ನನ್ನ ಬಲಗೈ, ನಡುಮನೆಯಲ್ಲಿ ಬಟ್ಟೆ ಒಣಗಿಸಲು ಕಟ್ಟಿದ್ದ ಬಿದಿರಿನ ಗಳುವನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು.